ಸಹಾಯ ಬೇಕು: ಲಿಥಿಯಂ ಗಣಿ ಬಂದರೆ ತಕರಾರು ಎಲ್ಲಿ ಹೇಳೋದು?

ನಮಸ್ಕಾರ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲದ ಹತ್ತಿರ ನಮ್ಮದು ಎರಡು ಎಕರೆ ಜಮೀನಿದೆ. ಆ ಕಡೆ ಸುಮಾರು 1,600 ಟನ್ ಲಿಥಿಯಂ ಇದೆ ಅಂತ ಕೇಂದ್ರ ಸರ್ಕಾರದ ಅಣು ಖನಿಜ ನಿರ್ದೇಶನಾಲಯ 2021ರಲ್ಲೇ ಅಂದಾಜು ಮಾಡಿತ್ತು. ಗಣಿಯ ಸುದ್ದಿ ಎದ್ದಾಗೆಲ್ಲ ಅಪ್ಪ ಬೋರ್‌ವೆಲ್ ಹತ್ತಿರ ಹೋಗಿ ಸುಮ್ನೆ ಕೂತುಬಿಡುತ್ತಾರೆ. (ನನ್ನ ಹತ್ತಿರವೂ ಲಿಥಿಯಂ ಬ್ಯಾಟರಿಯ ಎಲೆಕ್ಟ್ರಿಕ್ ಸ್ಕೂಟರ್ ಇದೆ, ನಗಬೇಡಿ.)

ಪಂಚಾಯಿತಿಯಲ್ಲಿ ಕೇಳಿದರೆ "ಸಾರ್ವಜನಿಕ ಅಹವಾಲು ಸಭೆಯಲ್ಲಿ ಹೇಳಿ" ಅಂದರು, ಅಂದರೆ ಗಣಿಗೆ ಪರಿಸರ ಅನುಮತಿ ಕೊಡೋ ಮೊದಲು ಊರಿನವರ ಮಾತು ಕೇಳೋ ಸಭೆ. ತಾಲ್ಲೂಕಿನ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟೆ, ಸೀಲ್ ಹಾಕಿದ ಪ್ರತಿ ಬಿಟ್ಟರೆ ಏನೂ ಸಿಗಲಿಲ್ಲ. ಆಮೇಲೆ ನೋಡಿದರೆ, 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಲಿಥಿಯಂನಂಥ ಖನಿಜಗಳ ಗಣಿಗೆ ಆ ಸಭೆಯಿಂದಲೇ ವಿನಾಯಿತಿ ಕೊಟ್ಟಿದೆ!

ಹಾಗಾದರೆ ಗ್ರಾಮಸಭೆಯಲ್ಲಿ ಈಗಲೇ ವಿರೋಧದ ನಿರ್ಣಯ ಮಾಡಿಸಿದರೆ ಅದಕ್ಕೆ ಕಾನೂನಿನಲ್ಲಿ ಬೆಲೆ ಇದೆಯಾ? ಇದ್ದರೆ ಯಾರಿಗೆ ಕಳಿಸಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.