ಸಹಾಯ ಬೇಕು: ಮಗಳ ಘರ್ಷಣೆ ಪ್ರಯೋಗದಲ್ಲಿ ಒಂದು ಗೊಂದಲ

ಎಲ್ಲರಿಗೂ ನಮಸ್ಕಾರ. ಮಗಳು 8ನೇ ಕ್ಲಾಸು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಘರ್ಷಣೆ ಬಗ್ಗೆ ಮಾಡುತ್ತಿದ್ದಾಳೆ. (ಅಂದರೆ ನಾನೂ ಮಾಡುತ್ತಿದ್ದೇನೆ!) ಹಳೇ ಕೇರಂ ಬೋರ್ಡನ್ನು ಒಂದು ಕಡೆಯಿಂದ ನಿಧಾನವಾಗಿ ಎತ್ತುತ್ತೇವೆ. ಮರದ ತುಂಡು ಯಾವ ಕೋನದಲ್ಲಿ ಜಾರುತ್ತದೆ ಅಂತ ಅಳೆಯುತ್ತೇವೆ. ಬರೀ ಬೋರ್ಡಿನ ಮೇಲೆ ಸುಮಾರು 20 ಡಿಗ್ರಿ. ಬೋರಿಕ್ ಪೌಡರ್ ಉದುರಿಸಿದರೆ 12ಕ್ಕೇ ಜಾರಿತು. ಉಪ್ಪು ಕಾಗದ ಅಂಟಿಸಿದರೆ 35 ದಾಟಿದರೂ ಅಲುಗಲಿಲ್ಲ.

ಗೊಂದಲ ಈಗ ಶುರು. ತುಂಡನ್ನು ಮಗ್ಗುಲಾಗಿ ನಿಲ್ಲಿಸಿದರೂ ಹೆಚ್ಚುಕಡಿಮೆ ಅದೇ ಕೋನ! ತಾಗುವ ಜಾಗ ಅರ್ಧಕ್ಕಿಂತ ಕಡಿಮೆ, ಬೇಗ ಜಾರಬೇಕಿತ್ತು ಅಲ್ವಾ ಅಂತ ಅವಳ ಪ್ರಶ್ನೆ. ಮೇಲೆ ಇನ್ನೊಂದು ತುಂಡು ಇಟ್ಟರೂ ಕೋನ ಬದಲಾಗಲಿಲ್ಲ. ಅದಕ್ಕೆ ಉತ್ತರ ಹೇಳಿದೆ: ತೂಕದಿಂದ ಘರ್ಷಣೆ ಜಾಸ್ತಿಯಾಗುತ್ತದೆ, ಕೆಳಗೆಳೆಯುವ ಬಲವೂ ಅಷ್ಟೇ ಪಾಲು ಜಾಸ್ತಿಯಾಗುತ್ತದೆ. ಆದರೆ ಜಾಗದ ವಿಷಯಕ್ಕೆ ಸುಮ್ನೆ ತಲೆ ಕೆರೆದುಕೊಂಡೆ. ನುಣುಪಾಗಿ ಕಂಡರೂ ಮೇಲ್ಮೈಗಳು ಸಣ್ಣ ಸಣ್ಣ ಉಬ್ಬುಗಳಲ್ಲಿ ಮಾತ್ರ ತಾಗುತ್ತವೆ, ಒತ್ತಿದಷ್ಟೂ ಆ ತಾಗುವಿಕೆ ಹೆಚ್ಚುತ್ತದೆ ಅಂತ ಓದಿದ್ದೇನೆ. ಇದನ್ನು ಮಕ್ಕಳಿಗೆ ಕಣ್ಣಿಗೆ ಕಾಣುವಂತೆ ತೋರಿಸುವುದು ಹೇಗೆ? ಸ್ಪಂಜು, ಬ್ರಷ್ಷು ಏನಾದರೂ ಬಳಸಬಹುದಾ? ಮೇಷ್ಟ್ರುಗಳು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಶನಿವಾರವೇ ಪ್ರದರ್ಶನ.