ಕಾರವಾರದ ‘ಕಮಾನು ರಸ್ತೆ ನಿವಾಸಿಗಳು’ ವಾಟ್ಸಾಪ್ ಗುಂಪು: ನಿನ್ನೆ ರಾತ್ರಿಯ ನೀರು

ಮೂಲೆ ಮನೆ ಅಕ್ಕ, ಬೆಳಿಗ್ಗೆ 5:40
ಎಲ್ಲರಿಗೂ ನಿದ್ದೆ ಚೆನ್ನಾಗಿ ಬಂತಾ? ಕೆಳಗಿನ ಸಾಲಿನವರಿಗೆ ಬಂದಿಲ್ಲ. ರಾತ್ರಿ ಒಂದೂವರೆಗೆ ಗಟಾರದ ನೀರು ಮನೆಯೊಳಗೆ ನುಗ್ಗಿತು. ಮಂಚದ ಕೆಳಗಿದ್ದ ಸೊಸೈಟಿ ಅಕ್ಕಿ ಚೀಲ ಪೂರ್ತಿ ನೆನೆದಿದೆ. ಮಕ್ಕಳ ಪುಸ್ತಕಗಳನ್ನು ನನ್ನ ಜಗುಲಿಯಲ್ಲಿ ಹರವಿದ್ದೇವೆ.
ಟಾರ್ಚ್ ಹಿಡಿದು ಹೋಗಿ ನೋಡಿದೆ. ಕಮಾನಿನ ಎಡಗಡೆ ಕಂಬ ಗಟಾರದ ಮೇಲೇ ನಿಂತಿದೆ. ನೀರು ಹೋಗಲು ಬಿಟ್ಟಿರುವುದು ಒಂದು ಸಣ್ಣ ಪೈಪು. ಅದರ ಬಾಯಿಗೆ ತೆಂಗಿನ ಸಿಪ್ಪೆ, ಹಾಲಿನ ಪ್ಯಾಕೆಟ್. ಮೇಲೆ ನೀಲಿ ಲೈಟ್ ಮಾತ್ರ ಬೆಳಗಿನ ತನಕ ಝಗಮಗ. ಗಟಾರಕ್ಕೆ ದುಡ್ಡಿಲ್ಲ, ಕಮಾನಿಗೆ ಇದೆ. ಥೂ!

ಮೆಡಿಕಲ್ ಶಾಪ್, 6:02
🌹 ಶುಭೋದಯ. ನಗುವೇ ದಿವ್ಯ ಔಷಧ 🌹 (ಫಾರ್ವರ್ಡ್)

ಬೋಟ್ ಭಾವ, 6:15
ಸಮುದ್ರಕ್ಕೆ ಭರತಿ (ಉಬ್ಬರ) ಇತ್ತು ಅಕ್ಕ. ಭರತಿ ಇರುವಾಗ ಗಟಾರ ಖಾಲಿ ಇದ್ದರೂ ನೀರು ಇಳಿಯಲ್ಲ. ಪೈಪಾದರೆ ಕೇಳುವುದೇ ಬೇಡ.

ಬ್ಯಾಂಕ್ ಮಾಮ (ರಿಟೈರ್ಡ್), 6:31
ನಮಸ್ಕಾರ. ಆವೇಶ ಬೇಡ. ಕಮಾನು ನಮ್ಮ ಬಡಾವಣೆಯ ಗುರುತು. ಮೊದಲು ಆಟೋದವರಿಗೆ ದಾರಿ ಹೇಳಿ ಹೇಳಿ ಸಾಕಾಗುತ್ತಿತ್ತು. ಮರೆಯಬೇಡಿ.

ಬ್ಯಾಂಕ್ ಮಾಮ, 6:33
ಇನ್ನೊಂದು ವಿಷಯ. ಸಿಪ್ಪೆ ಎಸೆದವರು ಯಾರು? ಮೇಲಿನ ಸಾಲಿನವರಂತೂ ಅಲ್ಲ.

ಬ್ಯಾಂಕ್ ಮಾಮ, 6:34
ಕೆಳಗಿನ ಸಾಲು ಅತಿಕ್ರಮಣ ಅಂತ ಹಿಂದೆಯೇ ಹೇಳಿದ್ದೆ.

ಮಾಸ್ತರ್, 6:40
ಮಾಮ, ಬಾಯಿಗೆ ಬಂದಂತೆ ಬರೆಯಬೇಡಿ. ಆ ಸಾಲಿನಲ್ಲಿ ಅರ್ಗಾ ಊರಿನ ಕಡೆಯಿಂದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಬಂದವರಿದ್ದಾರೆ. ದೇಶಕ್ಕೆ ಒಂದು ಸಲ ಮನೆ ಬಿಟ್ಟುಕೊಟ್ಟಿದ್ದಾರೆ. ಈಗ ನಿಮ್ಮ ಕಮಾನಿಗೂ ಬಿಡಬೇಕಾ?

ಬ್ಯಾಂಕ್ ಮಾಮ, 6:41
ನನ್ನ ಕಮಾನು ಅಲ್ಲ.

ಎರಡನೇ ಕ್ರಾಸ್ ಹುಡುಗ, 6:44
ಉದ್ಘಾಟನೆ ದಿನ ರಿಬ್ಬನ್ ಹಿಡಿದುಕೊಂಡಿದ್ದು ಯಾರು ಮಾಮ? ಫೋಟೋ ಇದೆ 😀

ಈ ಸಂದೇಶವನ್ನು ಅಳಿಸಲಾಗಿದೆ

ಅಂಗಡಿ ಮಾಮ, 6:58
ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿದ ಚಪಲ್ ಯುದ್ಧನೌಕೆಯನ್ನು ನಮ್ಮ ಗಲ್ಲಿಗೆ ತನ್ನಿ. ಅಲ್ಲಿ ಮರಳಿನ ಮೇಲೆ ಸುಮ್ನೆ ನಿಂತಿದೆ, ಇಲ್ಲಿ ತೇಲುತ್ತದೆ.

ಎರಡನೇ ಕ್ರಾಸ್ ಹುಡುಗ, 6:59
ಪಕ್ಕದಲ್ಲಿರುವ ಟುಪೊಲೆವ್ ವಿಮಾನವನ್ನೂ ತನ್ನಿ. ಕೆಳಗಿನ ಸಾಲಿನವರನ್ನು ಏರ್‌ಲಿಫ್ಟ್ ಮಾಡೋಣ 😂😂

ಕೆಳಗಿನ ಸಾಲು ಬಾಯಿ, 7:20
ನೀರು ಎತ್ತುವ ಪಂಪ್ ಯಾರ ಹತ್ತಿರ ಇದೆ? ಬಕೆಟ್‌ನಲ್ಲಿ ಆಗುತ್ತಿಲ್ಲ.

ಬ್ಯಾಂಕ್ ಮಾಮ, 7:22
ಮೂಲ ಪ್ರಶ್ನೆಗೆ ಬನ್ನಿ. ದುಡ್ಡು ಎಲ್ಲಿ ಹೋಗುತ್ತಿದೆ? ತಿಂಗಳಿಗೆ 2000 ರೂಪಾಯಿ ಹಂಚುತ್ತಾ ಕೂತರೆ ಗಟಾರಕ್ಕೆ ಎಲ್ಲಿಂದ ಬರಬೇಕು?

ಮೂಲೆ ಮನೆ ಅಕ್ಕ, 7:25
ನಿಮ್ಮ ಮನೆಗೂ ಗೃಹಲಕ್ಷ್ಮಿ ಬರುತ್ತದಲ್ವಾ ಮಾಮ? ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವಂತಿಲ್ಲ. ಬಂದರಿನಲ್ಲಿ ಮೀನು ಆರಿಸುವ ಬಾಯಿಯರು ಎರಡು ತಿಂಗಳು ಮನೆಯಲ್ಲಿ. ಆ 2000ದಲ್ಲೇ ಒಲೆ ಉರಿಯುವುದು.

ಬ್ಯಾಂಕ್ ಮಾಮ, 7:26
ನಮ್ಮ ಮನೆಗೆ ಬರುವುದು ಬೇರೆ ವಿಷಯ.

ಅಡ್ಮಿನ್, 7:30
ರಾಜಕೀಯ ಬೇಡ. ಯಾರ ಹೆಸರೂ ಹಾಕಬೇಡಿ. ಕಳೆದ ಸಲ ಇದೇ ಆಗಿ ಗುಂಪು ಒಡೆದಿತ್ತು.

ಲೆಕ್ಕದ ಅಕ್ಕ, 7:48
ಇಷ್ಟು ಹೊತ್ತು ಓದುತ್ತಿದ್ದೆ. ನಾನು ಬೇರೆ ಜಿಲ್ಲೆಯ ಪುರಸಭೆಯಲ್ಲಿ ಲೆಕ್ಕ ಬರೆದವಳು. ಗ್ಯಾರಂಟಿ ದುಡ್ಡು ಬೇರೆ, ಊರಿನ ಕಾಮಗಾರಿ ದುಡ್ಡು ಬೇರೆ. ಎರಡನ್ನೂ ಕಲಸಬೇಡಿ. ಕರ್ನಾಟಕದಲ್ಲಿ ಊರಾಡಳಿತದ ಅನುದಾನದಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ಎತ್ತಿಡಬೇಕು. ಕಾಗದದ ಮೇಲೆ ಬಡವರ ಪಾಲು ಇದ್ದೇ ಇದೆ. ಕ್ರಿಯಾ ಯೋಜನೆ ಮಾಡುವ ದಿನ ಯಾರ ಕೂಗು ಕೇಳುತ್ತದೆ ಅನ್ನುವುದೇ ಪ್ರಶ್ನೆ. ಗಟಾರ ಮಣ್ಣಿನೊಳಗೆ ಹೋಗುತ್ತದೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಬರಲ್ಲ.
ಮಾಹಿತಿ ಹಕ್ಕಿನಲ್ಲಿ ಕಮಾನಿನ ಅಂದಾಜು ಪಟ್ಟಿ, ಕಾರ್ಯಾದೇಶ, ಕೆಲಸದ ಅಳತೆ ಬರೆದಿಡುವ ಎಂ.ಬಿ. ಪುಸ್ತಕದ ನಕಲು ಕೇಳೋಣ. ಗಟಾರದ ಮೇಲೆ ಕಂಬ ಅಂತ ನಕ್ಷೆಯಲ್ಲಿ ಇತ್ತಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. 1902 ಸಹಾಯವಾಣಿಗೂ ಇವತ್ತೇ ದೂರು ಹೇಳಿ.

ಬೋಟ್ ಭಾವ, 7:52
👍👍

ಲೆಕ್ಕದ ಅಕ್ಕ, 7:53
ಅರ್ಜಿ 150 ಪದ ಮೀರಬಾರದು. ಒಂದೇ ವಿಷಯ ಇರಬೇಕು.

ಅಂಗಡಿ ಮಾಮ, 7:54
ಹಾಗಾದರೆ ಬ್ಯಾಂಕ್ ಮಾಮನ ಕೈಗೆ ಪೆನ್ನು ಕೊಡಬೇಡಿ.

ಬ್ಯಾಂಕ್ ಮಾಮ, 8:01
ಧ್ವನಿ ಸಂದೇಶ (6 ನಿಮಿಷ)

ಎರಡನೇ ಕ್ರಾಸ್ ಹುಡುಗ, 8:10
ಕೇಳಿದವರು ಸಾರಾಂಶ ಹಾಕಿ ಪ್ಲೀಸ್

ಮಾಸ್ತರ್, 8:15
ಮೊದಲು ದೊಡ್ಡ ಆಸ್ಪತ್ರೆ ಆಗಲಿ ಅಂತಾರೆ. ಸರಿಯೇ. ಎದೆನೋವು ಬಂದರೆ ಈಗಲೂ ಮಣಿಪಾಲ, ಮಂಗಳೂರು ಇಲ್ಲವೇ ಗೋವಾದ ಬಾಂಬೋಳಿ ಆಸ್ಪತ್ರೆ ಅಂತ ಓಡುತ್ತೇವೆ. 2022ರಲ್ಲಿ ಜಿಲ್ಲೆಯವರೆಲ್ಲ ಸೇರಿ ಆಸ್ಪತ್ರೆ ಬೇಕು ಅಂತ ಟ್ವೀಟ್ ಮಾಡಿದ್ದೂ ಆಯಿತು. ಆದರೆ ಕಮಾನು ಕಟ್ಟುವಾಗ ಮಾಮನಿಗೆ ಆಸ್ಪತ್ರೆ ನೆನಪಾಗಲಿಲ್ಲ. ಗಟಾರ ಅಂದ ಕೂಡಲೇ ನೆನಪಾಯಿತು.

ಬ್ಯಾಂಕ್ ಮಾಮ, 8:17
ವೈಯಕ್ತಿಕ ಟೀಕೆ. ಅಡ್ಮಿನ್ ಗಮನಿಸಬೇಕು.

ಮೂಲೆ ಮನೆ ಅಕ್ಕ, 8:30
ಅರ್ಜಿಗೆ ಸಹಿ ಯಾರು ಹಾಕುತ್ತೀರಿ? ಒಂದು ಹೆಸರು ಹೇಳಿ ಸಾಕು.

ಮೂಲೆ ಮನೆ ಅಕ್ಕ, 9:45
ಯಾರೂ ಇಲ್ವಾ?

ಮಾಸ್ತರ್, 9:50
ನನ್ನ ಮಗನ ವರ್ಗಾವಣೆ ಫೈಲ್ ನಡೆಯುತ್ತಿದೆ. ಈಗ ಬೇಡ ಅಂತ.

ಮೆಡಿಕಲ್ ಶಾಪ್, 9:52
ನನ್ನ ಲೈಸೆನ್ಸ್ ರಿನಿವಲ್ ಇದೆ. ಬೆಂಬಲ ಇದೆ.

ಬ್ಯಾಂಕ್ ಮಾಮ, 9:58
ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾಹಿತಿ ಹಕ್ಕಿನಲ್ಲಿ ಶುಲ್ಕವೇ ಇಲ್ಲ. ಕೆಳಗಿನ ಸಾಲಿನವರೇ ಹಾಕಲಿ. ಅವರಿಗೆ ಖರ್ಚೂ ಉಳಿಯುತ್ತದೆ.

ಕೆಳಗಿನ ಸಾಲು ಬಾಯಿ, 10:05
ಹಾಕುತ್ತೇವೆ. ಬರೆದು ಕೊಡಿ. ಮೊದಲು ಪಂಪ್ ಕೊಡಿ.

ಬೋಟ್ ಭಾವ, 10:06
ಬಾಯಿ, ಬೋಟಿನ ಪಂಪ್ ಇದೆ. ಹುಡುಗರನ್ನು ಕಳಿಸು, ಹೊರಲು ಇಬ್ಬರು ಬೇಕು.

ಲೆಕ್ಕದ ಅಕ್ಕ, 10:09
ನಾನು ಬರೆದು ಕೊಡುತ್ತೇನೆ. ಭಾನುವಾರ ಸಂಜೆ 5ಕ್ಕೆ ಮೂಲೆ ಮನೆಯಲ್ಲಿ ಸೇರೋಣ. ಕಂಬದ ಫೋಟೋ, ಪೈಪಿನ ಫೋಟೋ ಹಗಲು ಬೆಳಕಿನಲ್ಲಿ ಯಾರಾದರೂ ತೆಗೆದಿಡಿ.

ಅಡ್ಮಿನ್, 10:20
ಭಾನುವಾರ ಸಂಜೆ ಚೌತಿ ಕಮಿಟಿ ಸಭೆ ಇದೆ. ಎರಡೂ ಒಟ್ಟಿಗೆ ಮುಗಿಸೋಣ.

ಅಂಗಡಿ ಮಾಮ, 10:22
ಈ ವರ್ಷ ಮಂಟಪ ಎಲ್ಲಿ? ಕಮಾನಿನ ಕೆಳಗೇ ಹಾಕಿದರೆ ಲೈಟಿಂಗ್ ಖರ್ಚು ಉಳಿಯುತ್ತದೆ.

ಬ್ಯಾಂಕ್ ಮಾಮ, 10:23
ಒಳ್ಳೆಯ ಸಲಹೆ 👏 ವಂತಿಗೆ ಮನೆಗೆ ಎಷ್ಟು ಅಂತ ಮೊದಲು ತೀರ್ಮಾನ ಆಗಲಿ. ಹೋದ ವರ್ಷ ಕೊಡದವರ ಪಟ್ಟಿ ನನ್ನ ಹತ್ತಿರ ಇದೆ.

ಎರಡನೇ ಕ್ರಾಸ್ ಹುಡುಗ, 10:25
ಡಿಜೆ ಬೇಕು

ಮಾಸ್ತರ್, 10:26
ಡಿಜೆ ಬೇಡ. ಭಜನೆ ಸಾಕು.

ಅಡ್ಮಿನ್, 10:31
ಪೋಲ್ ಹಾಕಿದ್ದೇನೆ. ಡಿಜೆಯೋ ಭಜನೆಯೋ, ಎಲ್ಲರೂ ಓಟು ಹಾಕಿ. ಅರ್ಜಿ ವಿಷಯ ಭಾನುವಾರ ಸಮಯ ಉಳಿದರೆ ನೋಡೋಣ.

ಮೂಲೆ ಮನೆ ಅಕ್ಕ ಗುಂಪಿನಿಂದ ಹೊರಗೆ ಹೋಗಿದ್ದಾರೆ

ಮೆಡಿಕಲ್ ಶಾಪ್, 10:34
ಭಜನೆ 🙏