ಹಿಂಬಡ್ತಿ ಪಡೆದ ಸೌತಾಂಪ್ಟನ್: ಎಳೆಯ ಆಟಗಾರರನ್ನು ಮಾರಲು ಸರಿಯಾದ ಹೊತ್ತು ಯಾವುದು?

ಪ್ರಶ್ನೆ: ಸೇಂಟ್ಸ್ ಅಭಿಮಾನಿ

'ಸೇಂಟ್ಸ್' ಎಂದು ಕರೆಯುವ ನಮ್ಮ ಸೌತಾಂಪ್ಟನ್ ಫುಟ್‌ಬಾಲ್ ಕ್ಲಬ್ 2025ರ ಏಪ್ರಿಲ್‌ನಲ್ಲಿ, ಇನ್ನೂ ಏಳು ಪಂದ್ಯಗಳು ಬಾಕಿ ಇರುವಾಗಲೇ ಇಂಗ್ಲೆಂಡ್‌ನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. ಅದುವರೆಗೆ ಆ ಲೀಗ್‌ನಲ್ಲಿ ಅಷ್ಟು ಪಂದ್ಯಗಳು ಉಳಿದಿರುವಾಗಲೇ ಹಿಂಬಡ್ತಿ ಖಚಿತವಾದ ತಂಡ ಮತ್ತೊಂದಿರಲಿಲ್ಲ. 38 ಪಂದ್ಯಗಳಲ್ಲಿ ದಕ್ಕಿದ್ದು 12 ಅಂಕ ಮಾತ್ರ. ಆ ಬೇಸಿಗೆಯಲ್ಲೇ ಟೈಲರ್ ಡಿಬ್ಲಿಂಗ್ ಎವರ್ಟನ್‌ಗೂ ಮಾಥೇವುಸ್ ಫರ್ನಾಂಡಿಸ್ ವೆಸ್ಟ್ ಹ್ಯಾಮ್‌ಗೂ ಹೋದರು. ಪತ್ರಿಕೆಗಳು ವರದಿ ಮಾಡಿದ ಪ್ರಕಾರ ಒಬ್ಬೊಬ್ಬರಿಗೂ ಮೂರೂವರೆ ಕೋಟಿ ಪೌಂಡ್‌ಗೆ ಕಡಿಮೆಯಿಲ್ಲದ ಬೆಲೆ ಬಂದಿದೆ.

ಫರ್ನಾಂಡಿಸ್ ಹೊರಗಿನಿಂದ ಕೊಂಡು ತಂದ ಆಟಗಾರ, ಆ ಮಾತು ಬೇರೆ. ಡಿಬ್ಲಿಂಗ್ ಹಾಗಲ್ಲ, ನಮ್ಮ ಅಕಾಡೆಮಿಯಲ್ಲಿ ಬೆಳೆದ ಹುಡುಗ. 2024ರ ಸೆಪ್ಟೆಂಬರ್‌ನಲ್ಲಿ ಇಪ್ಸ್‌ವಿಚ್ ವಿರುದ್ಧ ಪಂದ್ಯದ ಆರಂಭದಲ್ಲೇ ಆತ ಗೋಲು ಹೊಡೆದಾಗ ವಯಸ್ಸು 18. ಆ ಮುನ್ನಡೆಯನ್ನು ತಂಡ 90 ನಿಮಿಷ ಕಾಪಾಡಿಕೊಂಡು, ಇಂಜುರಿ ಟೈಮ್‌ನಲ್ಲಿ ಗೋಲು ಬಿಟ್ಟುಕೊಟ್ಟು ಡ್ರಾ ಮಾಡಿಕೊಂಡಿತು. ಇಡೀ ಋತುವಿನ ಸ್ವರೂಪವೇ ಆ ಒಂದು ಪಂದ್ಯದಲ್ಲಿತ್ತು ಎನ್ನಬಹುದು. ಚೆಂಡು ಕಾಲಿಗೆ ಸಿಕ್ಕೊಡನೆ ಎದುರಾಳಿಯ ಮೇಲೆ ನುಗ್ಗುವ ಧೈರ್ಯ ತಂಡದಲ್ಲಿ ಉಳಿದಿದ್ದುದು ಈ ಹುಡುಗನಲ್ಲಿ ಮಾತ್ರ.

ಕೆಳಗಿಳಿದ ಕ್ಲಬ್ ಇಂಥವನನ್ನು ಆ ಬೇಸಿಗೆಯಲ್ಲೇ ಮಾರಿದರೆ ಅದು ಯೋಜನೆಯೋ ಅನಿವಾರ್ಯತೆಯೋ? ಯಾರನ್ನು ಮಾರಬೇಕು, ಯಾರನ್ನು ಇನ್ನೊಂದು ವರ್ಷ ಇಟ್ಟುಕೊಂಡು ಬೆಳೆಸಬೇಕು ಎಂಬುದನ್ನು ಕ್ಲಬ್‌ಗಳು ಯಾವ ಆಧಾರದ ಮೇಲೆ ನಿರ್ಧರಿಸಬೇಕು? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಜಮಾಖರ್ಚು

ಮೊದಲು ಹಣದ ಸ್ಥಿತಿಯನ್ನು ನೋಡೋಣ, ಏಕೆಂದರೆ ಉಳಿದೆಲ್ಲ ನಿರ್ಧಾರಗಳೂ ಅದರ ಮೇಲೆ ನಿಂತಿವೆ.

ಪ್ರೀಮಿಯರ್ ಲೀಗ್‌ನಿಂದ ಇಳಿದ ಕ್ಲಬ್‌ಗೆ 'ಪ್ಯಾರಾಶೂಟ್' ಹಣ ಸಿಗುತ್ತದೆ. ಪ್ರಸಾರ ಹಕ್ಕಿನ ಆದಾಯದಲ್ಲಿ ಎಲ್ಲ ಕ್ಲಬ್‌ಗಳಿಗೂ ಸಮನಾಗಿ ಹಂಚುವ ಭಾಗ ಒಂದಿದ್ದು, ಅದರ ಶೇ. 55ರಷ್ಟು ಮೊದಲ ವರ್ಷ, ಶೇ. 45ರಷ್ಟು ಎರಡನೆಯ ವರ್ಷ, ಶೇ. 20ರಷ್ಟು ಮೂರನೆಯ ವರ್ಷ ಬರುತ್ತದೆ. ಆದರೆ ಮೇಲಿನ ಲೀಗ್‌ನಲ್ಲಿ ಒಂದೇ ಋತು ಇದ್ದು ಇಳಿದವರಿಗೆ ಮೂರನೆಯ ಕಂತು ಇಲ್ಲ. ಸೌತಾಂಪ್ಟನ್ ಈ ಬಾರಿ ಮೇಲಿದ್ದದ್ದು ಒಂದೇ ಋತು, ಆದ್ದರಿಂದ ಅದರ ಕೈಯಲ್ಲಿರುವುದು ಎರಡು ವರ್ಷ ಮಾತ್ರ.

ಇದರ ಜೊತೆಗೆ ನಷ್ಟಕ್ಕೂ ಮಿತಿಯಿತ್ತು. 2025-26ರವರೆಗಿನ ನಿಯಮದಂತೆ, ಮೂರು ವರ್ಷಗಳ ಲೆಕ್ಕದಲ್ಲಿ ಪ್ರೀಮಿಯರ್ ಲೀಗ್‌ನ ಪ್ರತಿ ಋತುವಿಗೆ ಗರಿಷ್ಠ 3.5 ಕೋಟಿ ಪೌಂಡ್, ಅದರ ಕೆಳಗಿನ ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನ ಪ್ರತಿ ಋತುವಿಗೆ 1.3 ಕೋಟಿ ಪೌಂಡ್ ನಷ್ಟಕ್ಕೆ ಅವಕಾಶವಿತ್ತು. 2023-24ರಲ್ಲಿ ಕೆಳಗೆ, ಮರುವರ್ಷ ಮೇಲೆ, ಮತ್ತೆ ಕೆಳಗೆ ಎಂದು ಕೂಡಿಸಿದರೆ ಸೌತಾಂಪ್ಟನ್‌ಗೆ ಮೂರು ವರ್ಷಕ್ಕೆ ಸಿಗುವುದು 6.1 ಕೋಟಿ. ಮೇಲಿನ ಲೀಗ್‌ನ ಸಂಬಳ ಹೊತ್ತ ಕ್ಲಬ್‌ಗೆ ಇದು ತೀರ ಕಿರಿದಾದ ಜಾಗ.

ಅಕಾಡೆಮಿಯ ಹುಡುಗನ ಮೇಲೆ ಎಲ್ಲರ ಕಣ್ಣು ಬೀಳುವುದು ಇಲ್ಲಿಯೇ. ಕೊಂಡು ತಂದ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ. 1.5 ಕೋಟಿಗೆ ಐದು ವರ್ಷದ ಒಪ್ಪಂದದಲ್ಲಿ ತಂದವನ ಬೆಲೆ ಒಂದು ವರ್ಷದ ಬಳಿಕ ಪುಸ್ತಕದಲ್ಲಿ ಇನ್ನೂ 1.2 ಕೋಟಿ ಇರುತ್ತದೆ. 4 ಕೋಟಿಗೆ ಮಾರಿದರೂ ಲಾಭವೆಂದು ತೋರಿಸಬಹುದಾದದ್ದು 2.8 ಕೋಟಿ. ಅಕಾಡೆಮಿಯಲ್ಲಿ ಬೆಳೆದವನ ಬೆಲೆ ಪುಸ್ತಕದಲ್ಲಿ ಸೊನ್ನೆ, ಹೀಗಾಗಿ ಬಂದ ಹಣವೆಲ್ಲ ಲಾಭ. ಅಕಾಡೆಮಿಗೆ ಮಾಡಿದ ಖರ್ಚನ್ನೂ ನಷ್ಟದ ಲೆಕ್ಕದಿಂದ ಹೊರಗಿಡುತ್ತಾರೆ. ಹುಡುಗರನ್ನು ಬೆಳೆಸಲು ಪ್ರೋತ್ಸಾಹ ಕೊಡುವ ನಿಯಮವೇ ಅವರನ್ನು ಬೇಗ ಮಾರುವಂತೆಯೂ ಮಾಡುತ್ತಿದೆ. ಇದು ನನಗೆ ಸರಿ ಕಾಣುವುದಿಲ್ಲ.

ಉತ್ತರ 2: ಡೆಲ್‌ ಕಾಲದವನು

ಲೆಕ್ಕ ಸರಿಯಾಗಿದೆ. ಆದರೆ ಈ ಕ್ಲಬ್ ಇದೇ ಪರೀಕ್ಷೆಯನ್ನು ಹಿಂದೆಯೂ ಎದುರಿಸಿದೆ. ಆ ಅನುಭವ ಲೆಕ್ಕಕ್ಕಿಂತ ಹೆಚ್ಚು ಕಲಿಸುತ್ತದೆ ಎಂದು ನನ್ನ ಅನಿಸಿಕೆ.

27 ವರ್ಷ ಮೇಲಿನ ದರ್ಜೆಯಲ್ಲಿದ್ದು 2005ರಲ್ಲಿ ಸೌತಾಂಪ್ಟನ್ ಕೆಳಗಿಳಿಯಿತು. ಅದೇ ವರ್ಷ ಕ್ಲಬ್‌ನ ಹುಡುಗರು ಎಫ್‌ಎ ಯೂತ್ ಕಪ್‌ನ ಫೈನಲ್ ತಲುಪಿದ್ದರು, ಅಂದರೆ ಮೇಲಿನ ತಂಡ ಕುಸಿಯುತ್ತಿದ್ದಾಗ ಕೆಳಗಿನ ಬೆಳೆ ಸಮೃದ್ಧವಾಗಿತ್ತು. ಥಿಯೋ ವಾಲ್ಕಾಟ್ 2006ರ ಜನವರಿಯಲ್ಲಿ, ಇನ್ನೂ 16ರ ವಯಸ್ಸಿನಲ್ಲಿ ಆರ್ಸೆನಲ್‌ಗೆ ಹೋದರು. ಆರಂಭಿಕ ಮೊತ್ತ 50 ಲಕ್ಷ ಪೌಂಡ್, ಷರತ್ತುಗಳೆಲ್ಲ ಈಡೇರಿದರೆ 1.2 ಕೋಟಿ ಎಂಬ ಒಪ್ಪಂದ ಅದು. ಗ್ಯಾರೆತ್ ಬೇಲ್ 2006ರ ಏಪ್ರಿಲ್‌ನಲ್ಲಿ ಮೊದಲ ಪಂದ್ಯ ಆಡಿದರು. ಮರುವರ್ಷ, ಮೇಲಿನ ದರ್ಜೆಗೆ ಏರಲು ಆಡುವ ಪ್ಲೇ-ಆಫ್‌ನ ಸೆಮಿಫೈನಲ್‌ನಲ್ಲಿ ಡರ್ಬಿಗೆ ಪೆನಾಲ್ಟಿಯಲ್ಲಿ ಸೋತ ಕೆಲವೇ ದಿನಗಳಲ್ಲಿ ಅವರೂ ಟಾಟನ್‌ಹ್ಯಾಮ್ ಸೇರಿದರು. ಅಲ್ಲಿಯೂ 50 ಲಕ್ಷ, ಮುಂದೆ 1 ಕೋಟಿಯವರೆಗೆ.

ಮಾರಿದ್ದನ್ನು ನಾನು ತಪ್ಪು ಎನ್ನಲಾರೆ, ಏಕೆಂದರೆ ಅಂಥ ಹುಡುಗರನ್ನು ಎರಡನೇ ದರ್ಜೆಯಲ್ಲಿ ಹಿಡಿದಿಡುವುದು ಯಾರಿಗೂ ಸಾಧ್ಯವಾಗುವುದಿಲ್ಲ. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹಣದ ಮುಗ್ಗಟ್ಟು ಹೆಚ್ಚಿದಾಗ, ವಾಲ್ಕಾಟ್ ಒಪ್ಪಂದದಲ್ಲಿ ಮುಂದೆ ಬರಬಹುದಾಗಿದ್ದ ಕಂತುಗಳನ್ನು ಬಿಟ್ಟುಕೊಟ್ಟು, 2008ರಲ್ಲಿ ಒಟ್ಟು 91 ಲಕ್ಷಕ್ಕೆ ಕ್ಲಬ್ ರಾಜಿ ಮಾಡಿಕೊಂಡಿತು. ಆದರೂ ಕ್ಲಬ್ ಚೇತರಿಸಿಕೊಳ್ಳಲಿಲ್ಲ: 2009ರಲ್ಲಿ ಮಾತೃಸಂಸ್ಥೆ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು, ತಂಡ ಮೂರನೇ ದರ್ಜೆಗೆ ಇಳಿಯಿತು, ಮುಂದಿನ ಋತುವನ್ನು ಹತ್ತು ಅಂಕಗಳ ಕಡಿತದೊಂದಿಗೆ ಆರಂಭಿಸಬೇಕಾಯಿತು. 2013ರಲ್ಲಿ ಬೇಲ್ ದಾಖಲೆ ಮೊತ್ತಕ್ಕೆ ರಿಯಲ್ ಮ್ಯಾಡ್ರಿಡ್ ಸೇರಿದಾಗ, 12ರಿಂದ 23ರ ವಯಸ್ಸಿನಲ್ಲಿ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಫಿಫಾ ನಿಯಮದಂತೆ ಮೀಸಲಾದ ಶೇ. 5ರಲ್ಲಿ ಸೌತಾಂಪ್ಟನ್‌ಗೆ ಸಲ್ಲುವ ಪಾಲು ಸುಮಾರು ಶೇ. 2. ಆ ಹುಡುಗನಿಗಾಗಿ ಅಷ್ಟು ವರ್ಷ ದುಡಿದವರಿಗೆ ಇದು ಬಹಳ ಕಡಿಮೆ.

ಇದಕ್ಕೆ ಎದುರಾಗಿ 2014ನ್ನು ನೋಡಿ. ಲ್ಯೂಕ್ ಶಾ, ಕ್ಯಾಲಮ್ ಚೇಂಬರ್ಸ್, ಆಡಂ ಲಲಾನಾ ಎಂಬ ಮೂವರು ಅಕಾಡೆಮಿ ಹುಡುಗರ ಜೊತೆಗೆ ಲವ್ರೆನ್, ಲ್ಯಾಂಬರ್ಟ್ ಕೂಡ ಒಂದೇ ಬೇಸಿಗೆಯಲ್ಲಿ ಹೋದರು. ಕ್ಲಬ್ ಮುಗಿಯಿತು ಎಂದು ಎಲ್ಲರೂ ಬರೆದರು. ಆದರೆ ಬರ್ಟ್ರಂಡ್, ಟಾಡಿಚ್, ಪೆಲ್ಲೆ, ಮಾನೆ ಬಂದು ತಂಡ ಆ ಋತುವನ್ನು ಏಳನೇ ಸ್ಥಾನದಲ್ಲಿ, ಮುಂದಿನದನ್ನು ಆರನೇ ಸ್ಥಾನದಲ್ಲಿ ಮುಗಿಸಿತು. ಆಗಲೂ ಕ್ಲಬ್ ಮಾರುತ್ತಿತ್ತು, ಆದರೆ ಹೋಗುವವನ ಜಾಗಕ್ಕೆ ಬರುವವನು ಯಾರೆಂಬುದು ಗೊತ್ತಿದ್ದು ಮಾರುತ್ತಿತ್ತು.

ಆದ್ದರಿಂದ ಡಿಬ್ಲಿಂಗ್‌ ವಿಷಯದಲ್ಲಿ ನಾನು ಕೇಳುವ ಪ್ರಶ್ನೆ ಬೆಲೆಯದ್ದಲ್ಲ. ಆ ಬಲಬದಿಯಲ್ಲಿ ಮುಂದೆ ಆಡಬೇಕಾದವನು ಆಗಲೇ ಕ್ಲಬ್‌ನಲ್ಲಿದ್ದನೇ, ಮರುಮಾರಾಟದ ಪಾಲನ್ನು ಒಪ್ಪಂದದಲ್ಲಿ ಬರೆಸಿಕೊಂಡಿದ್ದಾರೆಯೇ ಎಂಬುದು.

ಉತ್ತರ 3: ಎಡಬದಿ

ಇಬ್ಬರೂ ಮಾರಾಟದ ಬಗ್ಗೆಯೇ ಬರೆದಿದ್ದೀರಿ. ಬೆಳೆಸುವುದರ ಬಗ್ಗೆಯೂ ಹೇಳಬೇಕಾದದ್ದಿದೆ.

2022ರಲ್ಲಿ ಹೊಸ ಮಾಲೀಕರು ಬಂದ ಮೇಲೆ ಸೌತಾಂಪ್ಟನ್ ಒಂದೇ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಸಿಟಿಯಿಂದ ನಾಲ್ವರು ಎಳೆಯರನ್ನು ತಂದಿತು: ಬಜುನು, ಲಾವಿಯಾ, ಲಾರಿಯೋಸ್, ಎಡೋಜಿ. ಕೊಂಡು, ಬೆಳೆಸಿ, ಮಾರುವುದು ಯೋಜನೆ. ಲಾವಿಯಾ ಮಟ್ಟಿಗೆ ಅದು ಭರ್ಜರಿಯಾಗಿ ಫಲಿಸಿತು. ಸುಮಾರು ಒಂದು ಕೋಟಿ ಪೌಂಡ್‌ಗೆ ಬಂದವರು ಒಂದೇ ವರ್ಷದಲ್ಲಿ ಐದು ಕೋಟಿಗೂ ಹೆಚ್ಚಿಗೆ ಚೆಲ್ಸಿಗೆ ಹೋದರು. ಆದರೆ ತಂಡ 2023ರಲ್ಲಿ ಕೊನೆಯ ಸ್ಥಾನದಲ್ಲಿ ಉಳಿದು ಇಳಿಯಿತು. ಎಳೆಯರ ಪಕ್ಕದಲ್ಲಿ ಆಟದ ಕಷ್ಟಸುಖ ಕಂಡವರು ಸಾಕಷ್ಟು ಇರಲಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. ಒಂದು ವರ್ಷ ಚಾಂಪಿಯನ್‌ಶಿಪ್ ಆಡಿ ಮೇಲೇರಿದ ತಂಡದಲ್ಲಿ ಆಡಂ ಆರ್ಮ್‌ಸ್ಟ್ರಾಂಗ್, ಜ್ಯಾಕ್ ಸ್ಟೀಫನ್ಸ್, ಬೆಡ್ನಾರೆಕ್, ಬೇರೆ ಕ್ಲಬ್‌ನಿಂದ ಎರವಲು ಬಂದ ಫ್ಲಿನ್ ಡೌನ್ಸ್ ಮುಂತಾದವರಿದ್ದರು. ಹುಡುಗ ತಪ್ಪು ಪಾಸ್ ಕೊಟ್ಟಾಗ ಅವನ ಹಿಂದೆ ನಿಂತು ಸರಿಪಡಿಸುವವನು ಇದ್ದರೆ ಮಾತ್ರ ಅವನು ಮುಂದಿನ ಪಾಸನ್ನು ಧೈರ್ಯದಿಂದ ಕೊಡುತ್ತಾನೆ.

ಇನ್ನೊಂದು ಉದಾಹರಣೆ ಲೀಡ್ಸ್. 2023ರಲ್ಲಿ ಸೌತಾಂಪ್ಟನ್ ಜೊತೆಗೇ ಇಳಿದ ಕ್ಲಬ್ ಅದು. ಅನೇಕ ಹಿರಿಯರು ಒಪ್ಪಂದದ ಷರತ್ತು ಬಳಸಿ ಎರವಲಿನ ಮೇಲೆ ಹೊರಟುಹೋದಾಗ, 17ರ ಆರ್ಚೀ ಗ್ರೇಯನ್ನು ಮಿಡ್‌ಫೀಲ್ಡ್‌ನಲ್ಲೂ ರೈಟ್ ಬ್ಯಾಕ್‌ನಲ್ಲೂ ಇಡೀ ಋತು ಆಡಿಸಿದರು. 2024ರ ಮೇ ತಿಂಗಳಲ್ಲಿ ವೆಂಬ್ಲಿಯ ಪ್ಲೇ-ಆಫ್ ಫೈನಲ್‌ನಲ್ಲಿ ಇದೇ ಸೌತಾಂಪ್ಟನ್ 1-0ರಿಂದ ಅವರನ್ನು ಸೋಲಿಸಿತು. ಆಗ ಗ್ರೇಯನ್ನು ಸುಮಾರು 4 ಕೋಟಿ ಪೌಂಡ್‌ಗೆ ಟಾಟನ್‌ಹ್ಯಾಮ್‌ಗೆ ಮಾರಿ, ಮರುವರ್ಷ 100 ಅಂಕ ಗಳಿಸಿ ಲೀಡ್ಸ್ ಮೇಲೇರಿತು. ಇಳಿದ ಬೇಸಿಗೆಯಲ್ಲೇ ಮಾರಿದ್ದರೆ ಆ ಬೆಲೆಯ ಅಲ್ಪ ಭಾಗವೂ ಬರುತ್ತಿರಲಿಲ್ಲ. ಚಾಂಪಿಯನ್‌ಶಿಪ್‌ನ 46 ಪಂದ್ಯಗಳು ಎಳೆಯನಿಗೆ ದೊಡ್ಡ ಪಾಠಶಾಲೆ. ಹಿಂಬಡ್ತಿಯಿಂದ ಸಿಗುವ ಒಂದೇ ಒಳ್ಳೆಯದನ್ನು ಕ್ಲಬ್‌ಗಳು ಬಳಸಿಕೊಳ್ಳದೆ ಬಿಡುತ್ತಿರುವುದು ನನಗೆ ನೋವಿನ ಸಂಗತಿ.

ಸೇಂಟ್ಸ್ ಅಭಿಮಾನಿ

ಮೂವರಿಗೂ ಧನ್ಯವಾದ. ಎಡಬದಿ ಅವರಿಗೆ ಒಂದು ಪ್ರಶ್ನೆ: ಡಿಬ್ಲಿಂಗ್ ಆಗಲೇ ಒಂದು ವರ್ಷ ಪ್ರೀಮಿಯರ್ ಲೀಗ್ ಆಡಿದ್ದವನು. ಗ್ರೇಯ ಉದಾಹರಣೆ ಆತನಿಗೂ ಹೊಂದುತ್ತದೆಯೇ?

ಉತ್ತರ 3: ಎಡಬದಿ

ಪೂರ್ತಿಯಾಗಿ ಹೊಂದುವುದಿಲ್ಲ, ಒಪ್ಪುತ್ತೇನೆ. ಡಿಬ್ಲಿಂಗ್ ಬೆಲೆ ಆಗಲೇ ಮೇಲಿನ ಲೀಗ್‌ನ ಬೆಲೆಯಾಗಿತ್ತು. ಕೆಳಗೆ ಒಂದು ವರ್ಷ ಸಾಧಾರಣವಾಗಿ ಆಡಿದ್ದರೆ ಅದು ಇಳಿಯುವ ಅಪಾಯವೂ ಇತ್ತು. ಆತನನ್ನು ಮಾರಿದ್ದು ಲೆಕ್ಕದ ದೃಷ್ಟಿಯಿಂದ ಸರಿ. ಆದರೆ ಆ ಹಣವೆಲ್ಲ 25 ದಾಟಿದವರ ಸಂಬಳಕ್ಕೆ ಹೋಗಬಾರದು. ಚಾಂಪಿಯನ್‌ಶಿಪ್ ಪಂದ್ಯವೊಂದರ ತಂಡದಲ್ಲಿ ಎರವಲು ಆಟಗಾರರು ಐವರಿಗಿಂತ ಹೆಚ್ಚು ಇರುವಂತಿಲ್ಲ. ಆ ಐದು ಜಾಗಗಳನ್ನೂ ಬೇರೆ ಕ್ಲಬ್‌ಗಳ ಹುಡುಗರಿಂದ ತುಂಬಿಸಿದರೆ ನಾವು ಅವರ ಆಸ್ತಿಯನ್ನು ಬೆಳೆಸಿಕೊಟ್ಟಂತಾಗುತ್ತದೆ, ನಮ್ಮ 18ರ ಹುಡುಗ ಬೆಂಚಿನ ಮೇಲೆ ಕೂರುತ್ತಾನೆ. ಅವುಗಳಲ್ಲಿ ಎರಡನ್ನಾದರೂ ಖಾಲಿ ಬಿಟ್ಟು ಸ್ಟೇಪಲ್‌ವುಡ್ ತರಬೇತಿ ಮೈದಾನದ ಹುಡುಗರಿಗೆ ಕೊಡಬೇಕು.